ನಿಮ್ಮ ಪಾಸ್‌ವರ್ಡ್ ಆ ಆಪ್‌ಗೂ ಗೊತ್ತಿರಬಾರದು: ಯಾಕೆ? ಹೇಗೆ?

ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದಲು ಅನುಕೂಲವಾಗುವಂತೆ ಅಲ್ಲಲ್ಲಿ ತಿದ್ದಲಾಗಿದೆ.

ಬಸ್ಸಲ್ಲಿ, ಮೆಟ್ರೋದಲ್ಲಿ, ಹಾಸ್ಟೆಲ್ ರೂಮಲ್ಲಿ ಇಯರ್‌ಫೋನ್ ಹಾಕ್ಕೊಂಡು ಕೇಳ್ತಾ ಇರೋ ನಿಮಗೆಲ್ಲ ಮೊದಲಿಗೆ ಒಂದು ಪ್ರಶ್ನೆ. ನೀವು ಅಕೌಂಟ್ ಮಾಡಿರೋ ಆಪ್‌ಗೆ ನಿಮ್ಮ ಪಾಸ್‌ವರ್ಡ್ ಗೊತ್ತಾ?

"ಗೊತ್ತಿರ್ಲೇಬೇಕಲ್ವಾ? ಇಲ್ದಿದ್ರೆ ನಾನು ಟೈಪ್ ಮಾಡಿದ್ದು ಸರಿನಾ ತಪ್ಪಾ ಅಂತ ಅದಕ್ಕೆ ಹೇಗೆ ತಿಳಿಯುತ್ತೆ?" ಅಂತ ತುಂಬಾ ಜನ ಕೇಳ್ತಾರೆ. ನ್ಯಾಯವಾದ ಪ್ರಶ್ನೆನೇ. ಆದರೆ ಸರಿಯಾಗಿ ಕಟ್ಟಿದ ಆಪ್‌ನಲ್ಲಿ ನಿಮ್ಮ ಪಾಸ್‌ವರ್ಡ್ ಯಾರಿಗೂ ಗೊತ್ತಿರೋದಿಲ್ಲ. ಅದನ್ನ ಬರೆದ ಎಂಜಿನಿಯರ್‌ಗೂ ಇಲ್ಲ, ಸರ್ವರ್ ನೋಡ್ಕೊಳ್ಳೋರಿಗೂ ಇಲ್ಲ, ಕಂಪನಿಯ ಮಾಲೀಕರಿಗೂ ಇಲ್ಲ. ಅದು ಹೇಗೆ ಸಾಧ್ಯ, ಯಾಕೆ ಹಾಗೇ ಇರಬೇಕು ಅನ್ನೋದೇ ಇವತ್ತಿನ ವಿಷಯ.

ಇದು ಬರೀ ಕೋಡ್ ಬರೆಯೋರಿಗೆ ಅಂತ ಸ್ಕಿಪ್ ಮಾಡ್ಬೇಡಿ. ಕಾಲೇಜ್ ಫೆಸ್ಟ್‌ಗೆ ರಿಜಿಸ್ಟ್ರೇಷನ್ ಸೈಟ್ ಮಾಡೋರು, ಫೈನಲ್ ಇಯರ್ ಪ್ರಾಜೆಕ್ಟ್‌ಗೆ ಲಾಗಿನ್ ಪೇಜ್ ಬರೆಯೋರು ಕೇಳುಗರಲ್ಲಿ ಬಹಳ ಜನ ಇದ್ದೀರಿ. ಆ ಸೈಟ್‌ಗಳಲ್ಲಿ ಪಾಸ್‌ವರ್ಡ್ ಹಾಕೋ ಉಳಿದವರೂ ಇದ್ದೀರಿ. ಇಬ್ಬರಿಗೂ ಇದರಲ್ಲಿ ಕೆಲಸ ಇದೆ.

ಹಾಗೇ ಬರೆದಿಟ್ಟರೆ ಏನಾಗುತ್ತೆ?

ಯಾವ ಸೈಟ್ ತಗೊಂಡರೂ ಹಿಂದೆ ಒಂದು ಡೇಟಾಬೇಸ್ ಇರುತ್ತೆ. ಅಂಗಡಿಯ ಲೆಕ್ಕದ ಪುಸ್ತಕ ಇದ್ದ ಹಾಗೆ ಅಂದ್ಕೊಳ್ಳಿ. ಒಂದು ಸಾಲಿಗೆ ಒಬ್ಬ ಬಳಕೆದಾರ: ಹೆಸರು, ಇಮೇಲ್, ಫೋನ್ ನಂಬರ್, ಪಾಸ್‌ವರ್ಡ್. ಹೊಸದಾಗಿ ಕಲಿಯೋರು ಮೊದಲು ಮಾಡೋದು ಏನು? ಫಾರ್ಮ್‌ನಲ್ಲಿ ಬಂದ ಪಾಸ್‌ವರ್ಡ್‌ನ ಹಾಗೇ ಆ ಕಾಲಂನಲ್ಲಿ ಬರೆದಿಡೋದು. ಲಾಗಿನ್ ಆಗುವಾಗ ಎರಡನ್ನೂ ಹೋಲಿಸಿ ನೋಡೋದು. ಕೆಲಸ ಆಗುತ್ತೆ, ಡೆಮೋ ಚೆನ್ನಾಗಿ ನಡೆಯುತ್ತೆ, ಮಾರ್ಕ್ಸೂ ಬರುತ್ತೆ.

ತೊಂದರೆ ಶುರುವಾಗೋದು ಆ ಪುಸ್ತಕ ಕಳುವಾದ ದಿನ. 2009ರ ಡಿಸೆಂಬರ್‌ನಲ್ಲಿ ರಾಕ್‌ಯೂ ಅನ್ನೋ ಅಮೆರಿಕದ ಕಂಪನಿಗೆ ಹೀಗೇ ಆಯ್ತು. ಸೋಷಿಯಲ್ ಮೀಡಿಯಾಗೆ ಚಿಕ್ಕ ಚಿಕ್ಕ ಆಪ್ ಮಾಡ್ತಿದ್ದ ಕಂಪನಿ ಅದು. ಡೇಟಾಬೇಸ್ ಕಳುವಾದಾಗ 3.2 ಕೋಟಿ ಪಾಸ್‌ವರ್ಡ್‌ಗಳು ಓದೋಕೆ ಬರೋ ಹಾಗೇ ಸಿಕ್ಕಿದವು. ಅದರಲ್ಲಿ ಸುಮಾರು 2.9 ಲಕ್ಷ ಜನರ ಪಾಸ್‌ವರ್ಡ್ 123456. ಆ ಪಟ್ಟಿ ಇವತ್ತಿಗೂ ಜೀವಂತ. ಸೆಕ್ಯುರಿಟಿ ಕಲಿಯೋರು ಬಳಸೋ ಕಾಲಿ ಲಿನಕ್ಸ್ ಜೊತೆಗೇ ಅದು ಬರುತ್ತೆ. ಕಳ್ಳರೂ ಅದನ್ನೇ ಬಳಸ್ತಾರೆ.

"ಹೋಗ್ಲಿ ಬಿಡಿ, ನನ್ನ ಫೆಸ್ಟ್ ಸೈಟ್‌ನಲ್ಲಿ ಕದಿಯೋಕೆ ಏನಿದೆ?" ಅನ್ನಬಹುದು. ನೀವು ಕಾಯ್ತಾ ಇರೋದು ನಿಮ್ಮ ಸೈಟ್‌ನ ಮಾತ್ರ ಅಲ್ಲ. ನಿಮ್ಮ ಕ್ಲಾಸ್‌ಮೇಟ್ ಅಲ್ಲಿ ಹಾಕಿದ ಪಾಸ್‌ವರ್ಡೇ ಅವಳ ಇಮೇಲ್‌ಗೂ ಇರಬಹುದು, ಇನ್‌ಸ್ಟಾಗ್ರಾಮ್‌ಗೂ ಇರಬಹುದು. ಇಮೇಲ್ ಕೈಗೆ ಸಿಕ್ಕರೆ ಉಳಿದ ಎಲ್ಲ ಅಕೌಂಟ್‌ಗಳ ಪಾಸ್‌ವರ್ಡ್ ರೀಸೆಟ್ ಮಾಡಬಹುದು. ಹಾಗಾಗಿ ಕಳ್ಳರು ಒಂದು ಕಡೆ ಸಿಕ್ಕ ಇಮೇಲ್, ಪಾಸ್‌ವರ್ಡ್ ಜೋಡಿಯನ್ನ ನೂರಾರು ಸೈಟ್‌ಗಳಲ್ಲಿ ಪ್ರೋಗ್ರಾಂ ಮೂಲಕ ಹಾಕಿ ನೋಡ್ತಾರೆ.

ಡ್ರಾಪ್‌ಬಾಕ್ಸ್‌ನಲ್ಲಿ ಆಗಿದ್ದೂ ಇದೇ ಥರ. ಬೇರೆ ಸೈಟ್‌ಗಳಿಂದ ಕದ್ದ ಪಾಸ್‌ವರ್ಡ್‌ಗಳಿಂದ ತನ್ನ ಉದ್ಯೋಗಿಯೊಬ್ಬರ ಅಕೌಂಟ್‌ಗೂ ಯಾರೋ ನುಗ್ಗಿದ್ದಾರೆ ಅಂತ 2012ರಲ್ಲಿ ಆ ಕಂಪನಿಯೇ ಹೇಳಿತು. ಆ ವರ್ಷ ಕಳುವಾದದ್ದು ಎಷ್ಟು ಅಂತ ಗೊತ್ತಾಗಿದ್ದು 2016ರಲ್ಲಿ: 6.8 ಕೋಟಿ ಅಕೌಂಟ್‌ಗಳ ವಿವರ. ಅಂದ್ರೆ ಒಂದು ಕಡೆಯ ಸೋರಿಕೆ ಇನ್ನೊಂದು ಕಡೆಯ ಬಾಗಿಲು ತೆಗೆಯುತ್ತೆ. ಸಣ್ಣ ಸೈಟ್ ಕಟ್ಟೋರ ಜವಾಬ್ದಾರಿ ಸಣ್ಣದಲ್ಲ ಅಂತ ನಾನು ಹೇಳೋದು ಇದಕ್ಕೇ.

ಬೀಗ ಹಾಕಿಟ್ಟರೆ ಸಾಲದಾ?

ಸರಿ, ಹಾಗೇ ಇಡೋದು ಬೇಡ, ಎನ್‌ಕ್ರಿಪ್ಟ್ ಮಾಡಿಡೋಣ ಅಂತ ಮುಂದಿನ ಯೋಚನೆ ಬರುತ್ತೆ. ಎನ್‌ಕ್ರಿಪ್ಷನ್ ಅಂದ್ರೆ ಪೆಟ್ಟಿಗೆಗೆ ಹಾಕಿ ಬೀಗ ಜಡಿಯೋದು. ಬೀಗ ಇದ್ದ ಮೇಲೆ ಬೀಗದಕೈ ಇರ್ಲೇಬೇಕು. ಆ ಬೀಗದಕೈ ಎಲ್ಲೋ ಸರ್ವರ್‌ನಲ್ಲೇ ಇರುತ್ತೆ. ಮನೆಗೆ ನುಗ್ಗಿದ ಕಳ್ಳನಿಗೆ ಗೋಡೆಗೆ ನೇತುಹಾಕಿದ ಬೀಗದಕೈ ಕಾಣೋದಿಲ್ವಾ?

ಬೀಗದಕೈ ಸಿಗದಿದ್ದರೂ ಕೆಲಸ ಕೆಡಬಹುದು. 2013ರ ಅಕ್ಟೋಬರ್‌ನಲ್ಲಿ ಫೋಟೋಶಾಪ್ ಮಾಡೋ ಅಡೋಬಿ ಕಂಪನಿಯಿಂದ ಕಳುವಾದ ಫೈಲ್‌ನಲ್ಲಿ 15 ಕೋಟಿಗೂ ಹೆಚ್ಚು ಅಕೌಂಟ್‌ಗಳಿದ್ದವು. ಪಾಸ್‌ವರ್ಡ್‌ಗಳು ಎನ್‌ಕ್ರಿಪ್ಟ್ ಆಗಿದ್ದವು ನಿಜ. ಆದರೆ ಎಲ್ಲದಕ್ಕೂ ಒಂದೇ ಬೀಗದಕೈ. ಒಂದೇ ಪಾಸ್‌ವರ್ಡ್ ಇಟ್ಟವರ ಸಾಲುಗಳು ಒಂದೇ ಥರ ಕಾಣ್ತಿದ್ದವು. ಮೇಲಿಂದ, ನೆನಪಿಗೆ ಅಂತ ಜನ ಬರೆದುಕೊಂಡಿದ್ದ ಸುಳಿವುಗಳು ಯಾವ ಮುಚ್ಚುಮರೆ ಇಲ್ಲದೆ ಪಕ್ಕದಲ್ಲೇ ಇದ್ದವು. ಒಬ್ಬರು ಸುಳಿವಿನಲ್ಲಿ "ಒಂದರಿಂದ ಆರು" ಅಂತ ಬರೆದಿದ್ದರೆ, ಅದೇ ಥರ ಕಾಣೋ ಉಳಿದ ಸಾಲುಗಳೆಲ್ಲ ಬಯಲಾದ ಹಾಗೆ. ಪದಬಂಧ ಬಿಡಿಸಿದಷ್ಟೇ ಸಲೀಸಾಗಿ ಸಾಮಾನ್ಯ ಪಾಸ್‌ವರ್ಡ್‌ಗಳನ್ನ ಜನ ಗುರುತಿಸಿದರು. ಅಲ್ಲೂ ಮೊದಲ ಸ್ಥಾನ 123456ಕ್ಕೇ, ಸುಮಾರು 19 ಲಕ್ಷ ಅಕೌಂಟ್‌ಗಳಲ್ಲಿ.

ರುಬ್ಬಿದ ಹಿಟ್ಟಿನಿಂದ ಕಾಳು ವಾಪಸ್ ಬರಲ್ಲ

ಹಾಗಾದ್ರೆ ದಾರಿ ಏನು? ಹ್ಯಾಶ್. ಅಕ್ಕಿ, ಉದ್ದು ರುಬ್ಬಿ ದೋಸೆ ಹಿಟ್ಟು ಮಾಡಿದ ಮೇಲೆ ಅದರಿಂದ ಕಾಳು ವಾಪಸ್ ತೆಗೆಯೋಕೆ ಆಗುತ್ತಾ? ಹ್ಯಾಶ್ ಕೂಡ ಹಾಗೇ. ಯಾವುದೇ ಪಾಸ್‌ವರ್ಡ್ ಕೊಡಿ, ಅದನ್ನ ರುಬ್ಬಿ ಅರ್ಥವಿಲ್ಲದ ಒಂದು ಉದ್ದನೆ ಅಕ್ಷರಮಾಲೆ ಕೊಡುತ್ತೆ. ಇದಕ್ಕೆ ಬೀಗದಕೈ ಅನ್ನೋದೇ ಇಲ್ಲ. ಹಿಂದಕ್ಕೆ ಹೋಗೋ ದಾರಿನೇ ಇಲ್ಲ. ಆದರೆ ಅದೇ ಪಾಸ್‌ವರ್ಡ್ ಕೊಟ್ಟರೆ ಯಾವಾಗಲೂ ಅದೇ ಫಲಿತಾಂಶ. ಒಂದು ಅಕ್ಷರ ಬದಲಾದರೂ ಪೂರ್ತಿ ಬೇರೆ.

ಈಗ ಮೊದಲ ಪ್ರಶ್ನೆಗೆ ಉತ್ತರ ಸಿಕ್ತು ನೋಡಿ. ಅಕೌಂಟ್ ಮಾಡುವಾಗ ಸೈಟ್ ನಿಮ್ಮ ಪಾಸ್‌ವರ್ಡ್‌ನ ರುಬ್ಬಿ ಹ್ಯಾಶ್ ಮಾತ್ರ ಇಟ್ಕೊಂಡು, ಪಾಸ್‌ವರ್ಡ್‌ನ ಮರೆತುಬಿಡುತ್ತೆ. ಲಾಗಿನ್ ಆಗುವಾಗ ನೀವು ಟೈಪ್ ಮಾಡಿದ್ದನ್ನ ಮತ್ತೆ ರುಬ್ಬಿ, ಎರಡು ಹ್ಯಾಶ್ ಹೊಂದುತ್ತಾ ಅಂತ ನೋಡುತ್ತೆ. ಪಾಸ್‌ವರ್ಡ್ ಗೊತ್ತಿಲ್ಲದೆಯೂ ಸರಿ ತಪ್ಪು ಹೇಳೋಕೆ ಆಗೋದು ಹೀಗೆ.

ಇಲ್ಲಿಗೆ ಕಥೆ ಮುಗೀತಾ? ಇಲ್ಲ. ಹಿಂದಕ್ಕೆ ಹೋಗೋಕೆ ಆಗದಿದ್ದರೂ ಊಹೆ ಮಾಡೋಕೆ ಆಗುತ್ತೆ. ಕಳ್ಳ ರಾಕ್‌ಯೂ ಪಟ್ಟಿಯನ್ನ ಎದುರಿಗೆ ಇಟ್ಕೊಂಡು, ಒಂದೊಂದೇ ಪದ ರುಬ್ಬಿ, ಕದ್ದ ಹ್ಯಾಶ್ ಜೊತೆ ಹೋಲಿಸ್ತಾ ಹೋಗ್ತಾನೆ. "ಮೂರು ಸಲ ತಪ್ಪಾದ್ರೆ ಅಕೌಂಟ್ ಲಾಕ್ ಆಗುತ್ತಲ್ಲ?" ಅಂತ ಕೇಳಬಹುದು. ಆ ಲಾಕ್ ಇರೋದು ಸೈಟ್‌ನ ಬಾಗಿಲಲ್ಲಿ. ಡೇಟಾಬೇಸ್ ಕದ್ದವನು ತನ್ನ ಮನೆಯಲ್ಲಿ, ತನ್ನ ಕಂಪ್ಯೂಟರ್‌ನಲ್ಲಿ ಊಹೆ ಮಾಡ್ತಾ ಇರ್ತಾನೆ. ಅಲ್ಲಿ ತಡೆಯೋರು ಯಾರೂ ಇಲ್ಲ. ಅವನನ್ನ ನಿಲ್ಲಿಸೋಕೆ ಆಗಲ್ಲ. ಅವನ ಪ್ರತಿ ಊಹೆಯನ್ನ ದುಬಾರಿ ಮಾಡಬಹುದು. ಅದಕ್ಕೆ ಬೇಕಾದದ್ದು ಎರಡು: ಉಪ್ಪು ಮತ್ತು ನಿಧಾನ.

ಮೊದಲು ಉಪ್ಪು

ಇಂಗ್ಲಿಷ್‌ನಲ್ಲೂ ಇದನ್ನ ಸಾಲ್ಟ್ ಅಂತಾನೇ ಕರೀತಾರೆ. ಪಾಸ್‌ವರ್ಡ್ ರುಬ್ಬೋ ಮೊದಲು ಅದಕ್ಕೆ ಯಾದೃಚ್ಛಿಕವಾದ, ಅಂದ್ರೆ ಯಾರೂ ಊಹಿಸೋಕೆ ಆಗದ ಒಂದಿಷ್ಟು ಅಕ್ಷರ ಬೆರೆಸೋದು. ಪ್ರತಿ ಬಳಕೆದಾರರಿಗೂ ಬೇರೆ ಬೇರೆ ಉಪ್ಪು. ಇಬ್ಬರು ಒಂದೇ ಪಾಸ್‌ವರ್ಡ್ ಇಟ್ಟಿದ್ದರೂ ಹ್ಯಾಶ್ ಬೇರೆ ಬೇರೆ ಬರುತ್ತೆ. ಉಪ್ಪು ಗುಟ್ಟಾಗಿರಬೇಕಾಗಿಲ್ಲ. ಹ್ಯಾಶ್ ಪಕ್ಕದಲ್ಲೇ ಇಡಬಹುದು. ಅದರ ಕೆಲಸ ಇಷ್ಟೇ: ಕಳ್ಳ ಮೊದಲೇ ರುಬ್ಬಿ ಇಟ್ಕೊಂಡಿರೋ ಪಟ್ಟಿ ಉಪಯೋಗಕ್ಕೆ ಬರಬಾರದು, ಒಂದು ಸಲ ರುಬ್ಬಿದ್ದನ್ನ ಎಲ್ಲರ ಮೇಲೂ ಪ್ರಯೋಗ ಮಾಡೋಕೆ ಆಗಬಾರದು.

ಲಿಂಕ್ಡ್‌ಇನ್ ಉಪ್ಪು ಹಾಕಿರಲಿಲ್ಲ. 2012ರ ಜೂನ್‌ನಲ್ಲಿ ಅಲ್ಲಿಂದ ಹೊರಬಂದ 65 ಲಕ್ಷ ಹ್ಯಾಶ್‌ಗಳು ಶಾ-1 ಅನ್ನೋ ವಿಧಾನದವು, ಸಪ್ಪೆ. 2016ರಲ್ಲಿ ನೋಡಿದರೆ ಕಳುವಾಗಿದ್ದು 11.7 ಕೋಟಿ ಇಮೇಲ್, ಪಾಸ್‌ವರ್ಡ್ ಜೋಡಿ! ಉಪ್ಪಿಲ್ಲದ ಕಾರಣ ಒಂದು ಊಹೆಯನ್ನ ಒಂದೇ ಸಲ ರುಬ್ಬಿದರೆ ಸಾಕು, ಅಷ್ಟೂ ಜನರ ಜೊತೆ ಹೋಲಿಸಬಹುದಿತ್ತು.

ಇದು ಆಗ ಯಾರಿಗೂ ಗೊತ್ತಿಲ್ಲದ ವಿದ್ಯೆ ಆಗಿರಲಿಲ್ಲ. 1979ರಲ್ಲೇ ರಾಬರ್ಟ್ ಮಾರಿಸ್ ಮತ್ತು ಕೆನ್ ಥಾಂಪ್ಸನ್ ಯೂನಿಕ್ಸ್ ವ್ಯವಸ್ಥೆಯ ಪಾಸ್‌ವರ್ಡ್‌ಗಳ ಬಗ್ಗೆ ಬರೆದ ಲೇಖನದಲ್ಲಿ ಉಪ್ಪಿನ ವಿಷಯ ಇದೆ. ತಮ್ಮ ಹಳೆಯ ವಿಧಾನ ತೀರಾ ವೇಗ ಆಯ್ತು, ಅದಕ್ಕೇ ನಿಧಾನದ್ದಕ್ಕೆ ಬದಲಾಯಿಸಿದೆವು ಅನ್ನೋ ಅರ್ಥದ ಮಾತೂ ಅದರಲ್ಲೇ ಇದೆ.

ಆಮೇಲೆ ನಿಧಾನ

ನಮ್ಮ ಬೆಂಗಳೂರಿನ ಬಿಗ್‌ಬಾಸ್ಕೆಟ್ ಉದಾಹರಣೆ ತಗೊಳ್ಳಿ. 2020ರಲ್ಲಿ ಅಲ್ಲಿಂದ 2 ಕೋಟಿಗೂ ಹೆಚ್ಚು ಗ್ರಾಹಕರ ಮಾಹಿತಿ ಕಳುವಾಯ್ತು. 2021ರ ಏಪ್ರಿಲ್‌ನಲ್ಲಿ ಅದು ಬಹಿರಂಗವಾಗಿ ಹರಿದಾಡಿತು. ಹೆಸರು, ವಿಳಾಸ, ಫೋನ್ ನಂಬರ್, ಹುಟ್ಟಿದ ದಿನಾಂಕ, ಜೊತೆಗೆ ಪಾಸ್‌ವರ್ಡ್ ಹ್ಯಾಶ್‌ಗಳು. ಅವು ಜ್ಯಾಂಗೋ ಅನ್ನೋ ಚೌಕಟ್ಟಿನ ಹಳೆಯ ಶಾ-1 ವಿಧಾನದವು. ಅದರಲ್ಲಿ ಉಪ್ಪು ಇರುತ್ತೆ. ಆದರೆ ಶಾ-1 ತುಂಬಾ ವೇಗ.

ವೇಗ ಅಂದ್ರೆ ಒಳ್ಳೇದಲ್ವಾ? ಬೇರೆ ಕಡೆ ಹೌದು. ಎಂಡಿ5, ಶಾ-1, ಶಾ-256 ಇವೆಲ್ಲ ದೊಡ್ಡ ಫೈಲ್‌ಗಳು ಸರಿಯಾಗಿವೆಯಾ ಅಂತ ಪರೀಕ್ಷೆ ಮಾಡೋ ಥರದ ಕೆಲಸಕ್ಕೆ ಹುಟ್ಟಿದವು. ಪಾಸ್‌ವರ್ಡ್ ವಿಷಯದಲ್ಲಿ ಆ ವೇಗ ಕಳ್ಳನ ಪರ. ಲೆಕ್ಕ ನೋಡಿ. ಗೇಮಿಂಗ್‌ಗೆ ತಗೊಳ್ಳೋ ಎನ್‌ವಿಡಿಯಾ ಆರ್‌ಟಿಎಕ್ಸ್ 4090 ಕಾರ್ಡ್ ಸೆಕೆಂಡಿಗೆ 16,000 ಕೋಟಿ ಸಲ ಎಂಡಿ5 ರುಬ್ಬಬಲ್ಲದು. ಇಂಗ್ಲಿಷ್‌ನ ಸಣ್ಣಕ್ಷರ ಮಾತ್ರ ಇರೋ ಎಂಟು ಅಕ್ಷರದ ಪಾಸ್‌ವರ್ಡ್‌ಗಳು ಒಟ್ಟು ಎಷ್ಟು ಸಾಧ್ಯ? ಸುಮಾರು 20,900 ಕೋಟಿ. ಅಂದ್ರೆ ಒಂದೂವರೆ ಸೆಕೆಂಡ್ ಒಳಗೆ ಎಲ್ಲ ಮುಗೀತು.

ಅದಕ್ಕೇ ಬೇಕಂತಲೇ ನಿಧಾನ ಇರೋ ಹ್ಯಾಶ್‌ಗಳನ್ನ ಕಂಡುಹಿಡಿದರು. 1999ರಲ್ಲಿ ನೀಲ್ಸ್ ಪ್ರೊವೋಸ್ ಮತ್ತು ಡೇವಿಡ್ ಮಾಜಿಯೆರ್ಸ್ ಬಿಕ್ರಿಪ್ಟ್ ತಂದರು. ಅದರಲ್ಲಿ ಒಂದು ತಿರುಗಣೆ ಇದೆ, ಕಾಸ್ಟ್ ಅಂತ. ಅದನ್ನ ಒಂದು ಏರಿಸಿದರೆ ಕೆಲಸ ಎರಡರಷ್ಟು. ಕಂಪ್ಯೂಟರ್‌ಗಳು ವೇಗ ಆದ ಹಾಗೆಲ್ಲ ಏರಿಸ್ತಾ ಹೋಗಬಹುದು. ಕಾಸ್ಟ್ 12 ಇಟ್ಟರೆ ಅದೇ ಗ್ರಾಫಿಕ್ಸ್ ಕಾರ್ಡ್ ಸೆಕೆಂಡಿಗೆ ಸುಮಾರು 1,400 ಊಹೆ ಮಾತ್ರ ಮಾಡಬಲ್ಲದು. ಒಂದೂವರೆ ಸೆಕೆಂಡ್ ಒಳಗೆ ಮುಗಿಯುತ್ತಿದ್ದ ಕೆಲಸಕ್ಕೆ ಈಗ ನಾಲ್ಕೂವರೆ ವರ್ಷದ ಮೇಲೆ ಬೇಕು. ಉಪ್ಪು ಇರೋದರಿಂದ ಇದು ಒಬ್ಬ ಬಳಕೆದಾರನಿಗೆ ಮಾತ್ರ. ಇನ್ನೊಬ್ಬನಿಗೆ ಮತ್ತೆ ಮೊದಲಿನಿಂದ. ನಿಜವಾದ ಬಳಕೆದಾರನಿಗೆ ಆಗೋ ತೊಂದರೆ? ಲಾಗಿನ್ ಆಗುವಾಗ ಸೆಕೆಂಡಿನ ಒಂದು ಚೂರು. ನಿಮಗೆ ಗೊತ್ತೇ ಆಗಲ್ಲ.

ಆಮೇಲೆ ಬಂದದ್ದು ಆರ್ಗಾನ್2. 2015ರಲ್ಲಿ ಪಾಸ್‌ವರ್ಡ್ ಹ್ಯಾಶಿಂಗ್ ಸ್ಪರ್ಧೆಯಲ್ಲಿ ಗೆದ್ದದ್ದು ಇದು. ಇದು ಸಮಯದ ಜೊತೆಗೆ ಮೆಮೊರಿಯನ್ನೂ ತಿನ್ನುತ್ತೆ. ಒಂದೇ ಕಾರ್ಡ್‌ನಲ್ಲಿ ಸಾವಿರಾರು ಊಹೆ ಒಟ್ಟಿಗೆ ನಡೆಸೋ ಕಳ್ಳನಿಗೆ ಮೆಮೊರಿ ಸಾಲದೆ ಬರುತ್ತೆ.

ಒಂದು ಮಾತು ಮರೆಯೋ ಹಾಗಿಲ್ಲ. ನಿಮ್ಮ ಪಾಸ್‌ವರ್ಡ್ 123456 ಆಗಿದ್ದರೆ ಯಾವ ಆರ್ಗಾನ್2 ಕೂಡ ನಿಮ್ಮನ್ನ ಕಾಪಾಡಲ್ಲ. ಕಳ್ಳನ ಮೊದಲ ಊಹೆಯೇ ಅದು.

ಸೈಟ್ ಕಟ್ಟೋರು ಕೇಳಿಸ್ಕೊಳ್ಳಿ

ನೀವೇ ಹೊಸದಾಗಿ ಏನೂ ಕಂಡುಹಿಡಿಯೋಕೆ ಹೋಗ್ಬೇಡಿ. ಎಂಡಿ5ನ ಎರಡು ಸಲ ಮಾಡ್ತೀನಿ, ಅಕ್ಷರ ತಿರುಗಿಸಿ ಹಾಕ್ತೀನಿ ಅನ್ನೋ ಜಾಣತನ ಬೇಡ. ಪಿಎಚ್‌ಪಿಯಲ್ಲಿ ಪಾಸ್‌ವರ್ಡ್ ಹ್ಯಾಶ್ ಮಾಡೋಕೆ, ಪರಿಶೀಲಿಸೋಕೆ 2013ರಿಂದಲೇ ಸಿದ್ಧ ಫಂಕ್ಷನ್‌ಗಳಿವೆ. ಜ್ಯಾಂಗೋ, ಲಾರಾವೆಲ್, ಸ್ಪ್ರಿಂಗ್ ಎಲ್ಲದರಲ್ಲೂ ಇದೆ. ಉಪ್ಪನ್ನ ಅವೇ ಹಾಕ್ತವೆ. ಯಾವ ವಿಧಾನ, ಎಷ್ಟು ಕಾಸ್ಟ್, ಯಾವ ಉಪ್ಪು, ಎಲ್ಲವೂ ಹ್ಯಾಶ್ ಜೊತೆಗೇ ಒಂದು ಸಾಲಿನಲ್ಲಿ ಬರುತ್ತೆ. ಹಾಗಾಗಿ ಕಾಲಂಗೆ ಜಾಗ ಧಾರಾಳವಾಗಿ ಕೊಡಿ, 255 ಅಕ್ಷರ ಇರಲಿ.

ಯಾವುದನ್ನ ಆರಿಸ್ಕೊಳ್ಳೋದು? ವೆಬ್ ಸುರಕ್ಷತೆಗೆ ಹೆಸರಾದ ಓವಾಸ್ಪ್ ಸಂಸ್ಥೆ ಆರ್ಗಾನ್2ಐಡಿಯನ್ನ ಮೊದಲು ಹೇಳುತ್ತೆ. ಕನಿಷ್ಠ 19 ಎಂಬಿ ಆಸುಪಾಸು ಮೆಮೊರಿ, ಎರಡು ಸುತ್ತು. ಬಿಕ್ರಿಪ್ಟ್ ಬಳಸೋದಾದರೆ ಕಾಸ್ಟ್ 10 ಅಥವಾ ಅದಕ್ಕಿಂತ ಹೆಚ್ಚು.

ಕನ್ನಡದಲ್ಲಿ ಪಾಸ್‌ವರ್ಡ್ ಇಡೋರಿಗೆ ಅವಕಾಶ ಕೊಡ್ತೀರಾ? ಹಾಗಿದ್ರೆ ಒಂದು ಸೂಕ್ಷ್ಮ ಇದೆ. ಬಿಕ್ರಿಪ್ಟ್ ನೋಡೋದು ಮೊದಲ 72 ಬೈಟ್ ಮಾತ್ರ. ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್. ಕನ್ನಡದಲ್ಲಿ ವ್ಯಂಜನಕ್ಕೆ ಮೂರು, ಕಾಗುಣಿತದ ಗುರುತಿಗೆ ಇನ್ನೂ ಮೂರು, ಒತ್ತಕ್ಷರ ಬಂದರೆ ಮತ್ತಷ್ಟು. ನಾಲ್ಕೈದು ಪದದ ಕನ್ನಡ ವಾಕ್ಯಕ್ಕೇ 72 ತುಂಬಿಹೋಗುತ್ತೆ, ಉಳಿದದ್ದು ಲೆಕ್ಕಕ್ಕೇ ಇಲ್ಲ. ಇನ್ನೊಂದು, 'ಕೊ' ಅನ್ನೋದನ್ನ ಯೂನಿಕೋಡ್‌ನಲ್ಲಿ ಎರಡು ರೀತಿ ಬರೆಯಬಹುದು. ಕಣ್ಣಿಗೆ ಒಂದೇ, ಕಂಪ್ಯೂಟರ್‌ಗೆ ಬೇರೆ. ಒಂದು ಫೋನ್‌ನಲ್ಲಿ ಆದ ಲಾಗಿನ್ ಇನ್ನೊಂದರಲ್ಲಿ ಆಗದೇ ಹೋಗಬಹುದು. ರುಬ್ಬೋ ಮೊದಲು ಯೂನಿಕೋಡ್ ನಾರ್ಮಲೈಸೇಷನ್ ಮಾಡಿ ಒಂದೇ ರೂಪಕ್ಕೆ ತನ್ನಿ.

ಉಪ್ಪಿನ ಜೊತೆ ಮೆಣಸೂ ಇದೆ, ಪೆಪ್ಪರ್ ಅಂತ. ಎಲ್ಲ ಬಳಕೆದಾರರಿಗೂ ಸೇರಿ ಒಂದೇ ಗುಟ್ಟಿನ ಪದ. ಇದನ್ನ ಡೇಟಾಬೇಸ್‌ನಲ್ಲಿ ಇಡಬಾರದು, ಬೇರೆ ಕಡೆ ಇಡಬೇಕು. ಡೇಟಾಬೇಸ್ ಮಾತ್ರ ಕಳುವಾದರೆ ಇದು ಇನ್ನೊಂದು ಅಡ್ಡಗೋಡೆ. ಇದ್ದರೆ ಒಳ್ಳೇದು, ಆದರೆ ಮೊದಲ ಎರಡಕ್ಕೆ ಬದಲಿ ಅಲ್ಲ.

ಈಗ ಎಲ್ಲರೂ ಮರೆಯೋ ಜಾಗ: ಲಾಗ್ ಫೈಲ್. ಟ್ವಿಟರ್ ಬಿಕ್ರಿಪ್ಟ್ ಬಳಸ್ತಾ ಇತ್ತು. ಆದರೂ 2018ರ ಮೇ ತಿಂಗಳಲ್ಲಿ ತನ್ನ 33 ಕೋಟಿ ಬಳಕೆದಾರರಿಗೆ ಪಾಸ್‌ವರ್ಡ್ ಬದಲಾಯಿಸೋಕೆ ಸಲಹೆ ಕೊಡಬೇಕಾಯ್ತು. ಯಾಕೆ? ಹ್ಯಾಶ್ ಆಗೋ ಮೊದಲೇ ಪಾಸ್‌ವರ್ಡ್‌ಗಳು ಒಳಗಿನ ಒಂದು ಲಾಗ್‌ನಲ್ಲಿ ಹಾಗೇ ಬರೆದುಕೊಳ್ಳುತ್ತಿದ್ದವು. 2019ರಲ್ಲಿ ಫೇಸ್‌ಬುಕ್‌ನಲ್ಲೂ ಕೋಟ್ಯಂತರ ಪಾಸ್‌ವರ್ಡ್‌ಗಳು ಒಳಗಿನ ವ್ಯವಸ್ಥೆಗಳಲ್ಲಿ ಓದೋಕೆ ಬರೋ ರೂಪದಲ್ಲಿ ಸಿಕ್ಕಿದವು. ಅದಕ್ಕೆ 2024ರಲ್ಲಿ ಐರ್ಲೆಂಡ್‌ನ ನಿಯಂತ್ರಕರು ಮೆಟಾ ಕಂಪನಿಗೆ 9.1 ಕೋಟಿ ಯೂರೋ ದಂಡ ಹಾಕಿದರು. ನಮ್ಮಲ್ಲೂ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ, ಸರಿಯಾದ ಸುರಕ್ಷತೆ ಇಡದಿದ್ದರೆ 250 ಕೋಟಿ ರೂಪಾಯಿವರೆಗೆ ದಂಡ ಇದೆ. ಡೀಬಗ್ ಮಾಡೋಕೆ ಅಂತ ಫಾರ್ಮ್ ಪೂರ್ತಿ ಪ್ರಿಂಟ್ ಮಾಡೋ ಆ ಒಂದು ಸಾಲನ್ನ ಇವತ್ತೇ ತೆಗೀರಿ.

ಹಳೇ ಸೈಟ್‌ನಲ್ಲಿ ಈಗಾಗಲೇ ಎಂಡಿ5 ಇದ್ದರೆ? ಎಲ್ಲರೂ ಲಾಗಿನ್ ಆಗಲಿ ಅಂತ ಕಾಯಬೇಡಿ. ಇರೋ ಎಂಡಿ5 ಹ್ಯಾಶ್‌ನೇ ಬಿಕ್ರಿಪ್ಟ್‌ಗೆ ಹಾಕಿ ಮತ್ತೊಮ್ಮೆ ರುಬ್ಬಿ ಇಡಿ, ಹಳೇ ಕಾಲಂ ಅಳಿಸಿ. ಆಮೇಲೆ ಯಾರು ಲಾಗಿನ್ ಆಗ್ತಾರೋ ಅವರದ್ದನ್ನ ಹೊಸ ವಿಧಾನಕ್ಕೆ ಬದಲಾಯಿಸಿ. ಹಳೇ ಬ್ಯಾಕಪ್‌ಗಳನ್ನೂ ಮರೆಯಬೇಡಿ.

ಬಳಸೋರು ಏನು ಮಾಡಬಹುದು?

ಒಳಗೆ ಹೇಗಿಟ್ಟಿದ್ದಾರೆ ಅಂತ ಹೊರಗಿನಿಂದ ಪೂರ್ತಿ ಗೊತ್ತಾಗಲ್ಲ. ಆದರೆ ಒಂದು ಪರೀಕ್ಷೆ ಇದೆ. "ಫರ್ಗಾಟ್ ಪಾಸ್‌ವರ್ಡ್" ಒತ್ತಿ. ಹೊಸ ಪಾಸ್‌ವರ್ಡ್ ಮಾಡ್ಕೊಳ್ಳೋಕೆ ಲಿಂಕ್ ಬಂದರೆ ಸರಿ. ನಿಮ್ಮ ಹಳೇ ಪಾಸ್‌ವರ್ಡೇ ಮೇಲ್‌ನಲ್ಲಿ ಬಂದರೆ, ಅದು ಅವರ ಹತ್ರ ಓದೋಕೆ ಬರೋ ರೂಪದಲ್ಲಿ ಇದೆ ಅಂತಲೇ ಅರ್ಥ. ನನಗೆ ಒಂದು ಕೋರ್ಸ್ ಸೈಟ್‌ನಿಂದ ಹೀಗೆ ಬಂದಿತ್ತು. ಯಾಕೆ ಹೀಗೆ ಅಂತ ಬರೆದು ಕೇಳಿದೆ. "ಯೂಸರ್‌ಗಳಿಗೆ ಅನುಕೂಲ ಆಗ್ಲಿ ಅಂತ" ಅಂದರು. ಅನುಕೂಲ ಕಳ್ಳನಿಗೂ ಅಷ್ಟೇ ಅಲ್ವಾ? ಅಲ್ಲಿ ನನ್ನ ಅಕೌಂಟ್ ಅಳಿಸೋಕೆ ಹೇಳಿದೆ.

ಎಲ್ಲ ಸೈಟ್‌ನೂ ಹೀಗೆ ಪರೀಕ್ಷೆ ಮಾಡ್ತಾ ಕೂರೋಕೆ ಆಗಲ್ಲ. ಹಾಗಾಗಿ ಯಾವ ಸೈಟ್ ಬೇಕಾದರೂ ಸೋರಬಹುದು ಅಂದ್ಕೊಂಡೇ ನಡೆಯಿರಿ. ಒಂದು ಪಾಸ್‌ವರ್ಡ್ ಒಂದೇ ಕಡೆ. ನೆನಪಿಟ್ಕೊಳ್ಳೋ ಕೆಲಸ ಫೋನ್‌ನ ಪಾಸ್‌ವರ್ಡ್ ಮ್ಯಾನೇಜರ್‌ಗೆ ಬಿಡಿ. ಇಮೇಲ್‌ಗೆ ಮಾತ್ರ ತಪ್ಪದೇ ಬೇರೆ, ಉದ್ದನೆ ಪಾಸ್‌ವರ್ಡ್, ಜೊತೆಗೆ ಎರಡು ಹಂತದ ಪರಿಶೀಲನೆ ಆನ್ ಮಾಡಿ. ನಿಮ್ಮ ಇಮೇಲ್ ಯಾವುದಾದ್ರೂ ಸೋರಿಕೆಯಲ್ಲಿ ಇದೆಯಾ ಅಂತ ನೋಡೋಕೆ ಟ್ರಾಯ್ ಹಂಟ್ 2013ರಲ್ಲಿ ಶುರು ಮಾಡಿದ ಹ್ಯಾವ್ ಐ ಬೀನ್ ಪೋನ್ಡ್ ಅನ್ನೋ ತಾಣ ಇದೆ. ಅಲ್ಲಿ ಪಾಸ್‌ವರ್ಡ್ ಪರೀಕ್ಷೆ ಮಾಡಿದರೂ ನಿಮ್ಮ ಪಾಸ್‌ವರ್ಡ್ ಅವರಿಗೆ ಹೋಗಲ್ಲ. ಹ್ಯಾಶ್ ಮಾಡೋದು ನಿಮ್ಮ ಬ್ರೌಸರ್. ಅದರ ಮೊದಲ ಐದು ಅಕ್ಷರ ಮಾತ್ರ ಕಳಿಸಿ, ಬಂದ ಪಟ್ಟಿಯಲ್ಲಿ ಹುಡುಕೋದೂ ನಿಮ್ಮ ಬ್ರೌಸರೇ.

ಮನೆಯಲ್ಲಿ ಅಮ್ಮ, ಚಿಕ್ಕಪ್ಪ, ಅಜ್ಜ ಇವರ ಫೋನ್ ಸೆಟ್ ಮಾಡಿಕೊಟ್ಟವರು ನೀವೇ ಅಲ್ವಾ? ಎಲ್ಲದಕ್ಕೂ ಒಂದೇ ಪಾಸ್‌ವರ್ಡ್ ಹಾಕಿಕೊಟ್ಟಿದ್ದರೆ, ಈ ಭಾನುವಾರ ಕನಿಷ್ಠ ಅವರ ಇಮೇಲ್‌ನದ್ದು ಬದಲಾಯಿಸಿಕೊಡಿ.

ಸೈಟ್ ಕಟ್ಟೋರಿಗೆ ಇವತ್ತಿನ ಹೋಮ್‌ವರ್ಕ್ ಇಷ್ಟೇ. ನಿಮ್ಮ ಪ್ರಾಜೆಕ್ಟ್‌ನ ಯೂಸರ್ ಟೇಬಲ್ ತೆಗೆದು ಪಾಸ್‌ವರ್ಡ್ ಕಾಲಂ ನೋಡಿ. ಅಲ್ಲಿ ನಿಮ್ಮ ಗೆಳೆಯನ ಪಾಸ್‌ವರ್ಡ್ ನಿಮಗೆ ಓದೋಕೆ ಬಂದರೆ, ಬೇರೆ ಯಾವ ಫೀಚರ್‌ಗೂ ಕೈ ಹಾಕೋ ಮೊದಲು ಅದನ್ನ ಸರಿಮಾಡಿ.

ಮುಂದಿನ ಸಂಚಿಕೆಯಲ್ಲಿ ಪಾಸ್‌ವರ್ಡೇ ಬೇಡ ಅನ್ನೋ ಪಾಸ್‌ಕೀ ಬಗ್ಗೆ ಮಾತಾಡೋಣ. ಪ್ರಶ್ನೆ ಇದ್ದರೆ ಕಳಿಸಿ. ಪಾಸ್‌ವರ್ಡ್ ಮಾತ್ರ ಕಳಿಸಬೇಡಿ!